ಕಪ್ಪೆಗಳ ಹೆಸರು ಕೇಳಿದ ಪ್ರಾಧ್ಯಾಪಕ: ಸಿ. ಆರ್. ನಾರಾಯಣರಾವ್

ಹಿಂದೆ ಮೈಸೂರಿನ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರವನ್ನು ಓದಿದವರಿಗೆಲ್ಲ ಒಂದು ನೋಟ ನೆನಪಿನಲ್ಲಿ ಉಳಿದಿರುತ್ತದೆ. ಮೇಣ ತುಂಬಿದ ತಟ್ಟೆಯಲ್ಲಿ ಅಂಗಾತ ಮಲಗಿಸಿದ ಕಪ್ಪೆ; ಹೊಟ್ಟೆಯನ್ನು ಸೀಳಿ ಕರುಳನ್ನು ಪಕ್ಕಕ್ಕೆ ಸರಿಸಿದರೆ ಬೆನ್ನೆಲುಬಿನ ಎರಡು ಮಗ್ಗುಲಲ್ಲಿ ಕೆಂಗಂದು ಬಣ್ಣದ ಎರಡು ಮೂತ್ರಪಿಂಡಗಳು; ಒಂದೊಂದರ ಮೇಲೂ ಅರಿಸಿನದಲ್ಲಿ ಗೀಟೆಳೆದಂತೆ ಒಂದು ಸಣ್ಣ ಹಳದಿ ಪಟ್ಟೆ. ವಿದ್ಯಾರ್ಥಿ ಅದನ್ನು ತನ್ನ ಚಿತ್ರದಲ್ಲಿ ಬರೆದು, ಅಡ್ರಿನಲ್ ಗ್ರಂಥಿ ಎಂದು ಗುರುತು ಹಾಕಿ, ಮುಂದಿನ ಅಂಗಕ್ಕೆ ಹೋಗುತ್ತಿದ್ದ. ಗ್ರಂಥಿಯ ಹೆಸರು ಪರೀಕ್ಷೆಗೆ ಬೇಕಾಗಿತ್ತು. ಆ ಕಪ್ಪೆ ಯಾವ ಕಪ್ಪೆ, ಯಾವ ಕೆರೆಯಿಂದ ಬಂದುದು, ಅದರ ದಾಯಾದಿಗಳು ಯಾರು ಎಂಬ ವಿಚಾರ ಯಾರಿಗೂ ಬೇಕಾಗಿರಲಿಲ್ಲ.

ಆ ಬೇಡವಾದ ಪ್ರಶ್ನೆಯನ್ನೇ ಜೀವಮಾನವೆಲ್ಲ ಕೇಳುತ್ತ ಬಂದ ಅಧ್ಯಾಪಕರೊಬ್ಬರು ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದರು. ಅವರೇ ಸಿ. ಆರ್. ನಾರಾಯಣರಾವ್. ದಕ್ಷಿಣ ಭಾರತದ ಕಪ್ಪೆಗಳನ್ನು ಕುರಿತು ಇಂದು ಯಾರು ಏನೇ ಬರೆಯಲಿ, ಅವರ ಹೆಸರನ್ನು ಎತ್ತದೆ ಮುಂದುವರಿಯುವುದು ಸಾಧ್ಯವಿಲ್ಲ. ಆದರೂ ಕನ್ನಡ ನಾಡಿನ ಸಾಮಾನ್ಯ ಓದುಗರಿಗೆ ಅವರ ಪರಿಚಯ ಆಗಬೇಕಾದಷ್ಟು ಆಗಿಲ್ಲ.

ನಾರಾಯಣರಾಯರು ಹುಟ್ಟಿದ್ದು 1882ನೆಯ ಇಸವಿ ಆಗಸ್ಟ್ 15ರಂದು, ಕೊಯಮತ್ತೂರಿನಲ್ಲಿ. ಬಾಲ್ಯದ ವಿದ್ಯಾಭ್ಯಾಸ ನಡೆದದ್ದು ಬಳ್ಳಾರಿಯಲ್ಲಿ. ಅಲ್ಲಿಂದ ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಹೋದರು. ಅಲ್ಲಿ ಅವರಿಗೆ ಪ್ರಾಣಿಶಾಸ್ತ್ರವನ್ನು ಕಲಿಸಿದವರು ಪ್ರೊಫೆಸರ್ ಹೆಂಡರ್ಸನ್. ಏಡಿ ಸಿಗಡಿಗಳ ವರ್ಗವನ್ನು ಆಳವಾಗಿ ಅಭ್ಯಾಸ ಮಾಡಿದ್ದ ಹೆಂಡರ್ಸನ್ನರು ಮುಂದೆ ಮದರಾಸಿನ ವಸ್ತುಸಂಗ್ರಹಾಲಯದ ಮುಖ್ಯಸ್ಥರೂ ಆದರು. ಜೀವಿಯನ್ನು ಕೈಯಲ್ಲಿ ಹಿಡಿದು, ಅಳೆದು, ಹೋಲಿಸಿ ನೋಡಿ, ಆಮೇಲೆ ಮಾತನಾಡಬೇಕೆಂಬ ಶಿಸ್ತು ಅಂಥ ಗುರುಗಳ ಬಳಿ ಬರುವುದು ಸಹಜ. ಶಿಷ್ಯರು ಪದವಿಯೊಡನೆ ಮದರಾಸು ಸರಕಾರದ ಚಿನ್ನದ ಪದಕವನ್ನೂ ಪಡೆದು ಹೊರಬಂದರು. ಬಳಿಕ ಉಪಾಧ್ಯಾಯ ತರಬೇತಿಯನ್ನು ಮುಗಿಸಿ ಕೊಯಮತ್ತೂರಿನಲ್ಲಿಯೂ ಎರ್ನಾಕುಲದಲ್ಲಿಯೂ ಪಾಠ ಹೇಳಿದರು. ಕೊನೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಹೊಸದಾಗಿ ಏರ್ಪಟ್ಟ ಪ್ರಾಣಿಶಾಸ್ತ್ರ ವಿಭಾಗದ ಹೊಣೆ ಅವರ ಹೆಗಲಿಗೆ ಬಂತು. 1937ರಲ್ಲಿ ನಿವೃತ್ತರಾಗುವವರೆಗೂ ಅದೇ ಅವರ ಕರ್ಮಭೂಮಿ.

ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ಪೀಠ ಮೈಸೂರು ನಗರ. ಕಲೆ ಸಾಹಿತ್ಯಗಳಿಗೆ ಇಲ್ಲಿಯ ಮಹಾರಾಜಾ ಕಾಲೇಜು, ವಿಜ್ಞಾನಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಎಂದು ಕೆಲಸ ಹಂಚಿಹೋಗಿತ್ತು. ಹೀಗಾಗಿ ನಾರಾಯಣರಾಯರ ಪ್ರಯೋಗಶಾಲೆ ಬೆಂಗಳೂರಿನಲ್ಲಿದ್ದರೂ ಅವರ ದುಡಿಮೆ ಮೈಸೂರಿನ ಲೆಕ್ಕಕ್ಕೆ ಸೇರಿದ್ದು. ಆ ಕಾಲದಲ್ಲಿ ಕಾಲೇಜೆಂದರೆ ಪಾಠ ಹೇಳಿ ಪರೀಕ್ಷೆಗೆ ಕಳಿಸುವ ಸ್ಥಳ ಎಂದೇ ಬಹುಮಂದಿಯ ಭಾವನೆ. ಸಂಶೋಧನೆಯೂ ವಿಶ್ವವಿದ್ಯಾನಿಲಯದ ಸ್ವಧರ್ಮವೆಂದು ವಾದಿಸಿದ ಕೆಲವೇ ಮಂದಿಯಲ್ಲಿ ನಾರಾಯಣರಾಯರು ಒಬ್ಬರು. ವಾದಿಸಿ ಸುಮ್ಮನಾಗದೆ ತಾವೇ ಮಾಡಿ ತೋರಿಸಿದರು.

ಅವರು ಆರಿಸಿಕೊಂಡದ್ದು ಮಲೆನಾಡಿನ ಕಪ್ಪೆಗಳನ್ನು. ಹುಲಿಯ ಬೆನ್ನು ಹತ್ತಿದವನಿಗೆ ಕೀರ್ತಿಯುಂಟು, ಹಕ್ಕಿಯನ್ನು ಅರಸುವವನಿಗೆ ಕಣ್ಣಿನ ಹಬ್ಬವುಂಟು. ಕಪ್ಪೆಯನ್ನು ಹುಡುಕಿ ಹೋಗುವವನಿಗೆ ಮಳೆ, ಜಿಗಣೆ, ಕೆಸರು. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಬಹುಪಾಲು ಬಾಯಿ ಬಿಡುವುದು ಮುಂಗಾರಿನಲ್ಲಿ, ಅದೂ ಕತ್ತಲಾದ ಮೇಲೆ. 1920ರಲ್ಲಿ ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ದಕ್ಷಿಣ ಭಾರತದ ಕೆಲವು ಕಪ್ಪೆಗಳನ್ನು ಕುರಿತು ಅವರ ಲೇಖನ ಬಂತು. ಕೊಡಗಿನ ಬ್ರಹ್ಮಗಿರಿಯಲ್ಲಿ, ಕಾವೇರಿ ಹುಟ್ಟುವ ಎಡೆಯ ಜವುಗಿನಲ್ಲಿ ಸಿಕ್ಕಿದ ಒಂದು ಸಣ್ಣ ಇರುಳುಗಪ್ಪೆಗೆ ಅವರು ಅದರಲ್ಲಿ ನಿಕ್ಟಿಬಟ್ರಾಕಸ್ ಸ್ಯಾಂಕ್ಟಿಪಲಸ್ಟ್ರಿಸ್ ಎಂದು ಹೆಸರಿಟ್ಟರು. ಲ್ಯಾಟಿನ್ನಿನ ಆ ಉದ್ದ ಮಾತಿಗೆ ಪವಿತ್ರವಾದ ಜವುಗಿನದು ಎಂದು ಅರ್ಥ. ಶಾಸ್ತ್ರದ ಒಣ ಹೆಸರಿನಲ್ಲಿಯೂ ತೀರ್ಥಕ್ಷೇತ್ರದ ನೆನಪನ್ನು ಇರಿಸಿದರು. 1922ರಲ್ಲಿ ಜೋಗದ ಬಳಿಯ ಕಪ್ಪೆಯೊಂದಕ್ಕೆ ಮೈಸೂರಿನ ಹೆಸರನ್ನೇ ಸೇರಿಸಿ ಮೈಸೊರೆನ್ಸಿಸ್ ಎಂದು ಕರೆದರು. 1925ರಲ್ಲಿ ರಾಮಣ್ಣ ಎಂಬವರೊಡನೆ ಕೂಡಿ ರಾಮನೆಲ್ಲ ಎಂಬ ಹೊಸ ಕುಲವನ್ನು ಲಂಡನ್ನಿನ ಝೂಲಾಜಿಕಲ್ ಸೊಸೈಟಿಯ ಮುಂದಿಟ್ಟರು. ಕಪ್ಪೆಯಲ್ಲಿಯೇ ಅವರ ಆಸಕ್ತಿ ನಿಲ್ಲಲಿಲ್ಲ. ನಮ್ಮ ಕಾಡುಪಾಪದ ನಡೆನುಡಿಯನ್ನೂ ಅದರ ಅಂಡಾಶಯದ ರಚನೆಯನ್ನೂ ಕುರಿತು 1927ರಲ್ಲಿ ಅವರು ಬರೆದ ಪ್ರಬಂಧಗಳು ಪ್ರಕಟವಾದುವು.

ಇದೇ ವಿಶ್ವವಿದ್ಯಾನಿಲಯದ ಎ. ಸುಬ್ಬರಾಯರು 1923ರಲ್ಲಿ ಜಾನ್ಸನ್ ಎಂಬವರೊಡನೆ ಗುಬ್ಬಚ್ಚಿಯ ಭ್ರೂಣದಲ್ಲಿ ಅಡ್ರಿನಲ್ ಗ್ರಂಥಿ ಹೇಗೆ ರೂಪುಗೊಳ್ಳುತ್ತದೆಂಬುದನ್ನು ವಿವರಿಸಿ ಲಂಡನ್ನಿನಲ್ಲಿ ಪ್ರಕಟಿಸಿದ್ದರು. ಒಬ್ಬರ ಕಣ್ಣು ಕಾಡಿನ ಕಪ್ಪೆಯ ಹೊರ ಮೈಯ ಮೇಲೆ, ಇನ್ನೊಬ್ಬರದು ಗುಬ್ಬಚ್ಚಿಯ ಒಳ ಗ್ರಂಥಿಯ ಮೇಲೆ. ಈ ಎರಡು ದಾರಿಗಳೂ ಒಂದೇ ಊರಿಗೆ ಹೋಗುತ್ತವೆಂಬುದು ಆಗ ಅಷ್ಟು ಸ್ಪಷ್ಟವಾಗಿರಲಿಲ್ಲ. ಅದನ್ನು ತಿಳಿಯಬೇಕಾದರೆ ಹಳದಿ ಪಟ್ಟೆಯ ಕಡೆಗೆ ಒಮ್ಮೆ ಹಿಂದಿರುಗಬೇಕು.

ಮನುಷ್ಯನಲ್ಲಿ ಅಡ್ರಿನಲ್ ಗ್ರಂಥಿ ಮೂತ್ರಪಿಂಡದ ತಲೆಯ ಮೇಲೆ ಟೊಪ್ಪಿಗೆಯಂತೆ ಕುಳಿತಿದೆ. ಅದಕ್ಕೆ ತೊಗಟೆ ಬೇರೆ, ತಿರುಳು ಬೇರೆ. ಕಪ್ಪೆಯಲ್ಲಿ ಈ ಭೇದವಿಲ್ಲ. ಎರಡು ಬಗೆಯ ಜೀವಕೋಶಗಳೂ ಒಂದೇ ಪಟ್ಟೆಯಲ್ಲಿ ಬೆರೆತಿವೆ. ಹಕ್ಕಿಗಳಲ್ಲಿ ಗ್ರಂಥಿ ಬೇರೆಯಾಗಿ ನಿಂತರೂ ಒಳಗೆ ಅವೆರಡೂ ಹೆಣೆದುಕೊಂಡಿವೆ. ಓತಿ ಹಾವುರಾಣಿಗಳಲ್ಲಿ ಅದು ಮೂತ್ರಪಿಂಡವನ್ನು ಬಿಟ್ಟು ಜನನಾಂಗಗಳ ಬಳಿ ಸಾರಿರುತ್ತದೆ. ಸ್ಥಳ ಬೇರೆಯಾದರೂ ಕೆಲಸದ ಸ್ವರೂಪ ಒಂದೇ. ತೊಗಟೆಯ ಜಾತಿಯ ಕೋಶಗಳು ಕೊಲೆಸ್ಟರಾಲಿನಿಂದ ಸ್ಟೀರಾಯ್ಡ್ ಎಂಬ ರಸಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಆಲ್ಡೋಸ್ಟಿರೋನ್ ಉಪ್ಪನ್ನು ಕಾಯುತ್ತದೆ. ನೀರಿನಲ್ಲಿ ನೆನೆದೇ ಬದುಕುವ, ಚರ್ಮದಿಂದಲೇ ಉಪ್ಪನ್ನು ಹೀರಿಕೊಳ್ಳಬೇಕಾದ ಕಪ್ಪೆಗೆ ಇದು ಸಣ್ಣ ಸಂಗತಿಯಲ್ಲ. ಕಾರ್ಟಿಕೋಸ್ಟಿರೋನ್ ಹಸಿವು, ಹೆದರಿಕೆ, ಬರಗಾಲಗಳು ಬಂದಾಗ ಮೈಯಲ್ಲಿ ಕೂಡಿಟ್ಟುದನ್ನು ಶಕ್ತಿಯಾಗಿ ಒದಗಿಸುತ್ತದೆ. ಮನುಷ್ಯನಲ್ಲಿ ಈ ಕೆಲಸಕ್ಕೆ ಪ್ರಧಾನವಾದುದು ಕಾರ್ಟಿಸಾಲ್. ಕಪ್ಪೆ, ಹಾವು, ಹಕ್ಕಿಗಳಲ್ಲಿ ಕಾರ್ಟಿಕೋಸ್ಟಿರೋನ್.

ಈ ಗ್ರಂಥಿಯ ಚರಿತ್ರೆಯಲ್ಲಿ ಕಪ್ಪೆಯ ಪಾತ್ರ ದೊಡ್ಡದು. 1855ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಅಡಿಸನ್ ಈ ಗ್ರಂಥಿ ಕೆಟ್ಟರೆ ಮನುಷ್ಯ ಸೊರಗಿ ಸಾಯುತ್ತಾನೆಂಬುದನ್ನು ತೋರಿಸಿದ್ದ. ನಾರಾಯಣರಾಯರು ಇನ್ನೂ ಬಾಲಕರಾಗಿದ್ದ 1891ರಲ್ಲಿ ಫ್ರಾನ್ಸಿನ ಅಬೆಲೂ ಮತ್ತು ಲಾಂಗ್ಲ್ವಾ ಎಂಬಿಬ್ಬರು ಕಪ್ಪೆಯ ಈ ಹಳದಿ ಪಟ್ಟೆಯನ್ನು ಸುಟ್ಟು ನೋಡಿದರು. ಎರಡು ಪಟ್ಟೆಗಳನ್ನೂ ಕಳೆದುಕೊಂಡ ಕಪ್ಪೆ ಸ್ನಾಯುಗಳ ಬಲ ಕುಂದಿ ಸತ್ತಿತು. ಗೊದಮೊಟ್ಟೆಯ ಜೀವನದಲ್ಲಂತೂ ಈ ರಸದ ಮಹಿಮೆ ಇನ್ನೂ ಸೋಜಿಗದ್ದು. ಬಾಲ ಕರಗಿ ಕಾಲು ಮೂಡುವ ಆ ಮಾರ್ಪಾಟನ್ನು ನಡೆಸುವುದು ಥೈರಾಯ್ಡ್ ಗ್ರಂಥಿಯ ರಸವೆಂಬುದು 1912ರ ಸುಮಾರಿಗೆ ತಿಳಿದುಬಂತು. ಅದಕ್ಕೆ ಒತ್ತಾಸೆಯಾಗಿ ನಿಲ್ಲುವುದು ಕಾರ್ಟಿಕೋಸ್ಟಿರೋನ್ ಎಂಬುದು ಬಳಿಕ ಗೊತ್ತಾಯಿತು. ಹೊಂಡದ ನೀರು ಬತ್ತತೊಡಗಿದರೆ ಕೆಲವು ಬಗೆಯ ಗೊದಮೊಟ್ಟೆಗಳ ಮೈಯಲ್ಲಿ ಈ ಎರಡು ರಸಗಳೂ ಏರುತ್ತವೆ. ಗೊದಮೊಟ್ಟೆ ಅವಸರದಿಂದ ಕಪ್ಪೆಯಾಗಿ ದಡಕ್ಕೆ ನೆಗೆಯುತ್ತದೆ. ಮೈ ಚಿಕ್ಕದಾಗಿಯೇ ಉಳಿದರೂ ಜೀವ ಉಳಿಯುತ್ತದೆ.

ಆದರೆ ಎಲ್ಲ ಕಪ್ಪೆಗಳೂ ಹೀಗೆಯೆ? ಅಲ್ಲ. ಒಂದು ಬತ್ತುವ ಹೊಂಡದಲ್ಲಿ ಮೊಟ್ಟೆಯಿಟ್ಟರೆ ಇನ್ನೊಂದು ಬತ್ತದ ತೊರೆಯಲ್ಲಿ ಇಡುತ್ತದೆ. ಮತ್ತೊಂದರ ಮರಿ ನೀರನ್ನೇ ಕಾಣದೆ ಮೊಟ್ಟೆಯೊಳಗೇ ಪುಟ್ಟ ಕಪ್ಪೆಯಾಗಿ ಹೊರಬರುತ್ತದೆ. ರಸ ಒಂದೇ ಆದರೂ ಅದು ಯಾವಾಗ ಏರುತ್ತದೆ, ಎಷ್ಟು ಏರುತ್ತದೆ, ಏನು ಮಾಡುತ್ತದೆ ಎಂಬುದು ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಆದ್ದರಿಂದ ಹಳದಿ ಪಟ್ಟೆಯ ರಸವನ್ನು ಅಳೆಯುವವನು ಮೊದಲು ಕಪ್ಪೆಯ ಹೆಸರನ್ನು ಹೇಳಬೇಕು. ಹೆಸರು ತಪ್ಪಿದರೆ ಅಳತೆ ಎಷ್ಟು ಸೂಕ್ಷ್ಮವಾಗಿದ್ದರೂ ವಿಳಾಸ ತಪ್ಪಿದ ಕಾಗದದಂತೆ. ನಾರಾಯಣರಾಯರ ಕೆಲಸದ ಬೆಲೆ ಇರುವುದು ಇಲ್ಲಿ.

1937 ಎಂಬ ವರ್ಷವನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಕಾಕತಾಳೀಯ ಕಣ್ಣಿಗೆ ಬೀಳುತ್ತದೆ. ಆ ವರ್ಷದ ಆರಂಭದಲ್ಲಿ ಯೂರೋಪಿನಲ್ಲಿ ರೈಖ್‌ಸ್ಟೈನ್ ಮತ್ತು ಸಂಗಡಿಗರು ಅಡ್ರಿನಲ್ ತೊಗಟೆಯಿಂದ ತೆಗೆದ ಹರಳನ್ನು ಕಾರ್ಟಿಕೋಸ್ಟಿರೋನ್ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಯ ಮಾಡಿಸಿದರು. ಈ ಬಗೆಯ ರಸಗಳ ಶೋಧಕ್ಕಾಗಿ ರೈಖ್‌ಸ್ಟೈನ್, ಕೆಂಡಲ್, ಹೆಂಚ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅದೇ 1937ರಲ್ಲಿ, ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ, ನಾರಾಯಣರಾಯರ ಅತ್ಯಂತ ದೊಡ್ಡ ಪ್ರಬಂಧ ಅಚ್ಚಾಯಿತು. ಸಕಲೇಶಪುರದ ಸುತ್ತಿನ ಕಾಡು, ಕೆಂಪುಹೊಳೆಯ ಘಟ್ಟ, ಕೊಟ್ಟಿಗೆಹಾರ, ಕೊಡಗು, ಪರಂಬಿಕುಳಂ ಮೊದಲಾದ ಕಡೆಗಳಿಂದ ತಂದ ಕಪ್ಪೆಗಳ ಹೊಸ ರೂಪಗಳ ವರ್ಣನೆ ಅದರಲ್ಲಿ ಸುಮಾರು 40 ಪುಟ ತುಂಬಿತ್ತು. ಅತ್ತ ಕಪ್ಪೆಯ ಒಳಗಿನ ರಸಕ್ಕೆ ಹೆಸರು ಬಂದ ವರ್ಷವೇ ಇತ್ತ ಹತ್ತಾರು ಕಪ್ಪೆಗಳಿಗೆ ಹೆಸರು ಬಂತು. ಆ ವರ್ಷವೇ ನಾರಾಯಣರಾಯರು ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದರು.

ಅಷ್ಟರಲ್ಲಿ ಅವರು ಇನ್ನೊಂದು ದೊಡ್ಡ ಕಾರ್ಯವನ್ನು ಸಾಧಿಸಿದ್ದರು. ಆಗ ಭಾರತದ ವಿಜ್ಞಾನಿ ಒಂದು ಸಣ್ಣ ಶೋಧವನ್ನು ಬೇಗನೆ ಪ್ರಕಟಿಸಬೇಕಾದರೆ ಹಡಗಿನ ಅಂಚೆಯಲ್ಲಿ ವಿಲಾಯತಿಗೆ ಕಳಿಸಿ ಕಾಯಬೇಕಾಗಿತ್ತು. ದೇಶದೊಳಗೆ ಯಾರು ಎಲ್ಲಿ ಏನು ಮಾಡುತ್ತಿದ್ದಾರೆಂಬುದೂ ಒಬ್ಬರಿಗೊಬ್ಬರಿಗೆ ತಿಳಿಯುತ್ತಿರಲಿಲ್ಲ. ಈ ಕೊರತೆಯನ್ನು ನೀಗಲೆಂದು 1932ರ ಜುಲೈ ತಿಂಗಳಲ್ಲಿ ಬೆಂಗಳೂರಿನಿಂದ ಕರೆಂಟ್ ಸೈನ್ಸ್ ಎಂಬ ಪತ್ರಿಕೆ ಹೊರಟಿತು. ಅದರ ಹುಟ್ಟಿಗೆ ಕಾರಣರಾದವರಲ್ಲಿ ಮುಂದಾಳಾಗಿ ನಿಂತು, ಸಂಪಾದಕತ್ವದ ಭಾರವನ್ನು ಹೊತ್ತವರು ನಾರಾಯಣರಾಯರು. ಪತ್ರಿಕೆಯನ್ನು ಹೊರಡಿಸುವುದು ಸುಲಭ, ನಡೆಸುವುದು ಕಷ್ಟ ಎಂಬುದನ್ನು ಕನ್ನಡದ ಓದುಗರಿಗೆ ಹೇಳಬೇಕಾಗಿಲ್ಲ. ಆ ಪತ್ರಿಕೆ ಇಂದಿಗೂ ನಡೆಯುತ್ತಿದೆಯೆಂದರೆ ಹಾಕಿದ ಅಡಿಪಾಯ ಎಂಥದೆಂದು ಊಹಿಸಬಹುದು.

ಇಷ್ಟೆಲ್ಲ ಗಳಿಕೆಯ ನಡುವೆ ಒಂದು ನಷ್ಟದ ಕಥೆಯನ್ನೂ ಹೇಳಲೇಬೇಕು. ಪ್ರಾಣಿಗೆ ಹೆಸರಿಡುವ ಶಾಸ್ತ್ರದಲ್ಲಿ ಒಂದು ಕಟ್ಟುಪಾಡಿದೆ. ಹೊಸ ಪ್ರಭೇದವನ್ನು ವರ್ಣಿಸುವವನು ಯಾವ ಜೀವಿಯನ್ನು ನೋಡಿ ವರ್ಣಿಸಿದನೋ ಅದನ್ನು ಮೂಲಮಾದರಿಯೆಂದು ಮದ್ಯಸಾರದಲ್ಲಿಟ್ಟು ಕಾಪಾಡಬೇಕು. ಮುಂದೆ ಸಂಶಯ ಬಂದವರು ಆ ಸೀಸೆಯನ್ನು ತೆಗೆದು ಹೋಲಿಸಿ ನೋಡುತ್ತಾರೆ. ಭೂಮಿಗೆ ಮೂಲಪತ್ರವಿದ್ದಂತೆ ಹೆಸರಿಗೆ ಈ ಮಾದರಿ. ನಾರಾಯಣರಾಯರು ತಮ್ಮ ಮಾದರಿಗಳನ್ನು ಸೆಂಟ್ರಲ್ ಕಾಲೇಜಿನಲ್ಲಿಯೇ ಇರಿಸಿದ್ದರು. ಅವುಗಳಲ್ಲಿ ಬಹುಪಾಲು ಉಳಿದುಬರಲಿಲ್ಲ. ಕಳೆದುಹೋದುವೆಂದೇ ಇಂದಿನ ಗ್ರಂಥಗಳು ದಾಖಲೆ ಮಾಡಿವೆ. ಸೀಸೆಗಳು ಹೋದ ಮೇಲೆ ಉಳಿದುದು ಕಾಗದದ ಮೇಲಿನ ಮಾತು ಮಾತ್ರ. ಅವರಿಟ್ಟ ಹೆಸರುಗಳಲ್ಲಿ ಹಲವು ಯಾವ ಕಪ್ಪೆಗೆ ಸಲ್ಲಬೇಕೆಂಬುದೇ ವಿವಾದವಾಯಿತು. ಕೆಲವನ್ನು ಶಾಸ್ತ್ರಜ್ಞರು ದಶಕಗಳ ಕಾಲ ಮೂಲೆಗೆ ಸರಿಸಿದರು. ಬದುಕಿನ ಅರ್ಧವನ್ನು ಕೆಸರಿನಲ್ಲಿ ಸವೆಸಿದವನ ಪಾಲಿಗೆ ಇದಕ್ಕಿಂತ ಕಠಿಣವಾದ ತೀರ್ಪು ಯಾವುದಿದ್ದೀತು?

ನಷ್ಟ ಅವರೊಬ್ಬರದೇ ಅಲ್ಲ. ನಮ್ಮ ಕೆರೆಕುಂಟೆಗಳಲ್ಲಿ ನೀರಿನ ಮೇಲೆ ಕುಪ್ಪಳಿಸುವ ಸಾಮಾನ್ಯ ಕಪ್ಪೆಯನ್ನೇ ತೆಗೆದುಕೊಳ್ಳಿ. ಸಯನೋಫ್ಲಿಕ್ಟಿಸ್ ಎಂಬ ಒಂದೇ ಹೆಸರಿನಲ್ಲಿ ಅದರ ಮೇಲೆ ಎಷ್ಟೋ ಪ್ರಯೋಗಗಳು ನಡೆದಿವೆ. 2009ರಲ್ಲಿ ಆ ಗುಂಪಿನಿಂದ ಒಂದನ್ನು ಬೇರ್ಪಡಿಸಿ, ಸಿಕ್ಕಿದ ಊರಿನ ನೆನಪಿಗಾಗಿ ಮೂಡಿಗೆರೆ ಎಂದೇ ಹೆಸರಿಟ್ಟರು. ಹಾಗಾದರೆ ಹಿಂದಿನ ಪ್ರಯೋಗಶಾಲೆಗಳ ತಟ್ಟೆಯಲ್ಲಿದ್ದುದು ಯಾವುದು? ಮಾದರಿಯನ್ನು ಇಟ್ಟುಕೊಂಡವರು ಉತ್ತರ ಹೇಳಬಲ್ಲರು, ಉಳಿದವರು ಹೇಳಲಾರರು. ಸೀಸೆಯನ್ನು ಕಾಯುವುದು ಜವಾನನ ಕೆಲಸವೆಂದು ತಿಳಿದ ವಿದ್ಯಾಸಂಸ್ಥೆ ತನ್ನ ವಿದ್ವಾಂಸನ ಪಾಂಡಿತ್ಯವನ್ನೇ ಕಳೆದುಕೊಳ್ಳುತ್ತದೆ.

ಆದರೂ ಬಿತ್ತಿದ್ದೆಲ್ಲ ಹಾಳಾಗಲಿಲ್ಲ. ಅದೇ ವಿಭಾಗದಲ್ಲಿ ಕಪ್ಪೆ, ಗೊದಮೊಟ್ಟೆಗಳ ತಲೆಬುರುಡೆಯನ್ನು ಅಭ್ಯಾಸ ಮಾಡಿದ ಎಲ್. ಎಸ್. ರಾಮಸ್ವಾಮಿಯವರು ಮುಂದೆ ಹಾರ್ಮೋನುಗಳ ಕಡೆಗೆ ತಿರುಗಿದರು. 1956ರಲ್ಲಿ ಅವರೂ ಸುಂದರರಾಜರೂ ಸೇರಿ ಪಿಟ್ಯುಟರಿ ಗ್ರಂಥಿಯ ಸಾರದಿಂದ ನಮ್ಮ ಮೀಸೆಮೀನಿನಲ್ಲಿ ಮೊಟ್ಟೆಯಿಡಿಸಿದ ವರದಿ ಅಮೆರಿಕದ ಸೈನ್ಸ್ ಪತ್ರಿಕೆಯಲ್ಲಿ ಬಂತು. ಮೊಟ್ಟೆ ಹೊರಬೀಳುವುದರಲ್ಲಿ ಅಡ್ರಿನಲ್ ತೊಗಟೆಯ ಸ್ಟೀರಾಯ್ಡ್‌ಗಳ ಕೈವಾಡವೆಷ್ಟೆಂಬುದನ್ನು ಸುಂದರರಾಜರು ಗೋಸ್ವಾಮಿಯವರೊಡನೆ 1966ರಲ್ಲಿ ಪರೀಕ್ಷಿಸಿದರು. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಓತಿ ಹಾವುರಾಣಿಗಳ ಸಂತಾನಚಕ್ರದ ಅಧ್ಯಯನ ಬೆಳೆಯಿತು. ಒತ್ತಡಕ್ಕೆ ಸಿಕ್ಕಿದ ಹಾವುರಾಣಿಯಲ್ಲಿ ವೃಷಣದ ಬೆಳವಣಿಗೆಗೆ ಏನಾಗುತ್ತದೆಂಬುದನ್ನು ಪರಿಶೀಲಿಸಿದ ಪ್ರೊಫೆಸರ್ ಯಜುರ್ವೇದಿಯವರ ಪ್ರಬಂಧ 2005ರಲ್ಲಿ ಪ್ರಕಟವಾಯಿತು. ಹಳದಿ ಪಟ್ಟೆಗೆ ಗುರುತು ಹಾಕಿ ಮುಂದೆ ಹೋಗುತ್ತಿದ್ದ ವಿದ್ಯಾರ್ಥಿಯ ಮೊಮ್ಮಕ್ಕಳು ಕೊನೆಗೆ ಅಲ್ಲಿಯೇ ನಿಂತು ನೋಡಿದರು.

ನಾರಾಯಣರಾಯರು 1960ನೆಯ ಇಸವಿ ಜನವರಿ 2ರಂದು ತೀರಿಕೊಂಡರು. ಮೈಸೂರಿನಲ್ಲಿ ಕುವೆಂಪು ಅವರ ಕನಸಿನ ಮಾನಸಗಂಗೋತ್ರಿ ಆರಂಭವಾದದ್ದೂ ಅದೇ ವರ್ಷ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿ ಸೆಂಟ್ರಲ್ ಕಾಲೇಜು ಅದರ ಪಾಲಿಗೆ ಹೋಯಿತು. ಕಪ್ಪೆಗಳನ್ನು ಹುಡುಕಿದ ಪ್ರಾಧ್ಯಾಪಕರ ನೆನಪು ಹೀಗೆ ಎರಡು ಊರುಗಳ ನಡುವೆ ಮಸುಕಾಗಿ ಉಳಿಯಿತು.

ಅದನ್ನು ಮತ್ತೆ ಬೆಳಗಿಸಿದವು ಕಪ್ಪೆಗಳೇ. ದೆಹಲಿಯ ಎಸ್. ಡಿ. ಬಿಜು ಅವರೂ ಸಂಗಡಿಗರೂ ಪಶ್ಚಿಮ ಘಟ್ಟದ ಪೊದೆಗಪ್ಪೆಗಳಿಗಾಗಿ 2010ರಲ್ಲಿ ಒಂದು ಹೊಸ ಕುಲವನ್ನು ಸ್ಥಾಪಿಸಿ ಅದಕ್ಕೆ ರಾವ್‌ಆರ್ಕೆಸ್ಟೀಸ್ ಎಂದು ಹೆಸರಿಟ್ಟರು. ರಾವ್ ಎಂದರೆ ನಮ್ಮ ನಾರಾಯಣರಾಯರು. ಆರ್ಕೆಸ್ಟೀಸ್ ಎಂದರೆ ಗ್ರೀಕ್ ಭಾಷೆಯಲ್ಲಿ ನರ್ತಕ. ನೀರಿಗಿಳಿಯುವ ಗೊದಮೊಟ್ಟೆಯ ಅವಸ್ಥೆಯಿಲ್ಲದೆ ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆಯಾಗಿ ಹೊರಬರುವ ಕುಲ ಇದು. ಎಪ್ಪತ್ತಕ್ಕೂ ಹೆಚ್ಚು ಪ್ರಭೇದಗಳು ಈಗ ಅದರಲ್ಲಿ ಸೇರಿವೆ. ಆ ಹೆಸರು ಮೊದಲು ಅಚ್ಚಾದ ಪತ್ರಿಕೆ ಬೇರೆ ಯಾವುದೂ ಅಲ್ಲ, 1932ರಲ್ಲಿ ಅವರೇ ಹೊರಡಿಸಿದ ಕರೆಂಟ್ ಸೈನ್ಸ್.

ಮರುವರ್ಷ, 2011ರಲ್ಲಿ, ಇನ್ನೊಂದು ಸುದ್ದಿ ಬಂತು. ಕಾಡಿನಲ್ಲಿ ಇರುಳು ಹೊತ್ತು ಅರಸುತ್ತ ಹೋದ ಇದೇ ತಂಡಕ್ಕೆ, ಬಹುಕಾಲದಿಂದ ಯಾರ ಕಣ್ಣಿಗೂ ಬೀಳದಿದ್ದ ಮೂರು ಇರುಳುಗಪ್ಪೆಗಳು ಸಿಕ್ಕಿದ್ದುವು. ಅವುಗಳಲ್ಲಿ ಒಂದಕ್ಕೆ ಕೆಂಪುಹೊಳೆಯ ಹೆಸರು. ಮತ್ತೊಂದು 1920ರಲ್ಲಿ ವರ್ಣಿತವಾದ ಪವಿತ್ರ ಜವುಗಿನ ಕಪ್ಪೆ. 91 ವರ್ಷಗಳ ಬಳಿಕ ಅದರ ಇರವು ಖಚಿತವಾಯಿತು. ಸೀಸೆಯಲ್ಲಿಟ್ಟ ಕಪ್ಪೆ ಉಳಿಯಲಿಲ್ಲ. ಕಾಡಿನಲ್ಲಿ ಬಿಟ್ಟು ಬಂದ ಕಪ್ಪೆ ಉಳಿದಿತ್ತು. ಇಂಥ ಕಡೆ ಇಂಥ ಕಪ್ಪೆಯಿದೆ ಎಂದು ನಾರಾಯಣರಾಯರು ಬರೆದಿಟ್ಟ ಮಾತು ಸುಳ್ಳಾಗಲಿಲ್ಲ. ಅಧ್ಯಾಪಕನೊಬ್ಬ ತನ್ನ ಬರವಣಿಗೆಯಿಂದ ಬಯಸಬಹುದಾದದ್ದು ಇದಕ್ಕಿಂತ ಹೆಚ್ಚೇನಿಲ್ಲ. ಆದರೆ ಆ ಮಾತಿಗೆ ಸಾಕ್ಷಿಯನ್ನು ಕಾಡೇ ಒದಗಿಸಬೇಕಾಯಿತು, ನಾವು ಒದಗಿಸಲಿಲ್ಲ ಎಂಬುದನ್ನು ನಮ್ಮ ಕಾಲೇಜುಗಳು ಮರೆಯಬಾರದು. ಮಳೆಗಾಲ ಪ್ರತಿವರ್ಷ ಬರುತ್ತದೆ. ಕಾಡು ಹಾಗೆಯೇ ಉಳಿದಿರುತ್ತದೆಂದು ಹೇಳುವವರಾರು?